ನಕ್ಷತ್ರದ ಬಟ್ಟು

ಅನರ್ಥಕ್ಕೆಲ್ಲ ಮೂಲ ಹೆಬ್ಬೆರಳಿನ ತುದಿಯಷ್ಟೇ ಇದ್ದ ಒಂದು ಹಿತ್ತಾಳೆಯ ತುಂಡು. ಅದೂ ಕೈಗೆ ಸಿಕ್ಕಿದ ತುಂಡಲ್ಲ, ಫೋನಿನ ಪರದೆಯಲ್ಲಿ ಕಂಡ ಅದರ ಮಸುಕು ಚಿತ್ರ. ಹರಾಜಿನ ಜಾಲತಾಣದಲ್ಲಿ ಆ ಚಿತ್ರದ ಕೆಳಗೆ ಮಾರುವವನು ಬರೆದಿದ್ದ: ‘ಹಿತ್ತಾಳೆ ಚದುರಂಗದ ಕಾಯಿ. ಒಂದೇ ಇದೆ. ಹಳೇದು, ಸ್ವಲ್ಪ ಕೊಳೆ. ಹರಾಜು ಇವತ್ತು ಸಂಜೆ ನಾಲ್ಕಕ್ಕೆ ಮುಗಿಯುತ್ತೆ. ಅಂಗಡಿಗೆ ಬಂದು ತಗೊಂಡು ಹೋಗಬೇಕು.’

ಮಿಲಿಗ್ರಾಂ ಬಾಯಿಗೆ ಹಾಕಿಕೊಂಡಿದ್ದ ತುತ್ತನ್ನು ಅಗಿಯಲು ಮರೆತ.

ಮಿಲಿಗ್ರಾಂ ಎಂಬುದು ಅವನಿಗೆ ಹೆತ್ತವರು ಇಟ್ಟ ಹೆಸರಲ್ಲ. ಊರಿಗೆ ಬಿಡುವ ನೀರಿನಲ್ಲಿ ಏನೇನು ಎಷ್ಟೆಷ್ಟು ಕರಗಿದೆ ಎಂದು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಅವನಿಗೆ ಕೆಲಸ. ಚಹಾಕ್ಕೆ ಸಕ್ಕರೆ ಹಾಕಿಕೊಳ್ಳುವಾಗಲೂ ಚಮಚವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ನೋಡುವ ಅವನಿಗೆ ಸಹೋದ್ಯೋಗಿಗಳು ಕೊಟ್ಟ ಬಿರುದು ಅದು. ಮೊದಲು ಬೆನ್ನ ಹಿಂದೆ ಕರೆಯುತ್ತಿದ್ದರು. ಈಗ ಮುಖದೆದುರೇ ‘ಮಿಲಿಗ್ರಾಂ ಸರ್’ ಎನ್ನುತ್ತಾರೆ, ಅವನೂ ಓಗೊಡುತ್ತಾನೆ.

“ಬಾಯಿ ಮುಚ್ಚಿ ಅಗೀರಿ, ನೊಣ ಹೋದೀತು,” ಎಂದಳು ಹೆಂಡತಿ.

“ಸಿಕ್ತು ಕಣೇ! ನಕ್ಷತ್ರ ಸಿಕ್ತು!”

“ಬೆಳಿಗ್ಗೆ ಎಂಟು ಗಂಟೆಗಾ?”

ಅವಳಿಗೆ ಗೊತ್ತಿತ್ತು, ಆದರೂ ಕೆಣಕಿದಳು. ಮಂಚದ ಕೆಳಗಿದ್ದ ಪೆಟ್ಟಿಗೆಯ ಕತೆ ಆ ಮನೆಯಲ್ಲಿ ಯಾರಿಗೆ ಗೊತ್ತಿಲ್ಲ? ಹಿಂದೆ ಪ್ರಯೋಗಾಲಯಗಳಲ್ಲಿ ಗಾಜಿನ ಗೂಡಿನ ತಕ್ಕಡಿಗಳಿದ್ದ ಕಾಲದಲ್ಲಿ ಬಳಸುತ್ತಿದ್ದ ಹಿತ್ತಾಳೆಯ ತೂಕದ ಬಟ್ಟುಗಳ ಪೆಟ್ಟಿಗೆ ಅದು. ಒಳಗೆ ಹಸಿರು ಮಖಮಲ್ಲು, ಮಖಮಲ್ಲಿನಲ್ಲಿ ಕುಳಿಗಳು, ಕುಳಿಗಳಲ್ಲಿ ನೂರು ಗ್ರಾಂನಿಂದ ಒಂದು ಗ್ರಾಂವರೆಗೆ ಬಟ್ಟುಗಳು ಫೋಟೋಗೆ ನಿಂತ ಕುಟುಂಬದ ಹಾಗೆ ಎತ್ತರದ ಕ್ರಮದಲ್ಲಿ ನಿಂತಿದ್ದವು. ಆ ಕುಟುಂಬದಲ್ಲಿ ಇಪ್ಪತ್ತು ಗ್ರಾಂನ ಬಟ್ಟುಗಳೆರಡು ಅವಳಿಜವಳಿ. ಯಾವುದು ಯಾವುದೆಂದು ತಿಳಿಯಲು ತಯಾರಕರು ಒಂದರ ಹೆಗಲ ಮೇಲೆ ಪುಟ್ಟ ನಕ್ಷತ್ರ ಒತ್ತುತ್ತಿದ್ದರು. ಮಿಲಿಗ್ರಾಂನ ಪೆಟ್ಟಿಗೆಯಲ್ಲಿ ಆ ನಕ್ಷತ್ರದ ಬಟ್ಟೇ ಇರಲಿಲ್ಲ. ಅದರ ಕುಳಿ, ಸಾಲು ಹಲ್ಲಿನ ನಡುವೆ ಉದುರಿದ ಹಲ್ಲಿನ ಜಾಗದಂತೆ, ಮುಚ್ಚಳ ತೆರೆದಾಗಲೆಲ್ಲ ಅವನನ್ನು ಅಣಕಿಸುತ್ತಿತ್ತು. ಪೆಟ್ಟಿಗೆ ತುಂಬಿದ ದಿನ ಹಜಾರದ ಗಾಜಿನ ಕಪಾಟು ಅವನದು ಎಂದು ಹೆಂಡತಿ ಮಾತು ಕೊಟ್ಟಿದ್ದಳು. ಅಲ್ಲಿಯವರೆಗೆ ಮಂಚದ ಕೆಳಗೇ.

“ಇವನು ಇದನ್ನ ಚದುರಂಗದ ಪದಾತಿ ಅನ್ಕೊಂಡಿದಾನೆ,” ಎಂದು ಮಿಲಿಗ್ರಾಂ ಪಿಸುಗುಟ್ಟಿದ, ಮಾರುವವನು ಅಡುಗೆಮನೆಯಲ್ಲೇ ನಿಂತಿರುವಂತೆ. “ನೋಡು, ಹೆಗಲ ಮೇಲೆ ನಕ್ಷತ್ರ. ಬೇರೆ ಯಾರಿಗೂ ಗೊತ್ತಾಗಲ್ಲ. ಎರಡು ಲೋಟ ಚಹಾದ ಬೆಲೆಗೆ ನಿಂತಿದೆ!”

“ಸಂತೋಷ. ಫ್ರಿಜ್ಜಿನ ದುಡ್ಡು ಮಾತ್ರ ಮುಟ್ಟಬೇಡಿ.”

ಅಡುಗೆಮನೆಯ ಮೂಲೆಯಲ್ಲಿ ಫ್ರಿಜ್ ಗೊರಕೆ ಹೊಡೆಯುತ್ತಿತ್ತು. ಅದು ಈಗ ಒಳಗಿನದನ್ನು ತಣ್ಣಗಿಡುವುದನ್ನು ಬಿಟ್ಟು ನೆಲ ಒದ್ದೆ ಮಾಡುವ ಕೆಲಸ ಹಿಡಿದಿತ್ತು. ಹೊಸದಕ್ಕೆಂದು ಅವಳು ದುಡ್ಡು ಕೂಡಿಟ್ಟಿದ್ದಳು.

“ಇನ್ನೊಂದು ಮಾತು. ಸಂಜೆವರೆಗೂ ಯಾರ ಹತ್ರಾನೂ ಬಾಯಿ ಬಿಡಬೇಡಿ. ನಿಮಗೆ ಸಿಟ್ಟು ಬಂದ್ರೆ ಬಾಯಿ ನಿಲ್ಲಲ್ಲ.”

“ನನಗ್ಯಾಕೆ ಸಿಟ್ಟು ಬರುತ್ತೆ ಇವತ್ತು?” ಎಂದು ಮಿಲಿಗ್ರಾಂ ಫೋನಿನಲ್ಲಿ ಹರಾಜಿನ ಮೊದಲ ಕೂಗು ಹಾಕಿ, ಶಿಳ್ಳೆ ಹೊಡೆಯುತ್ತ ಮೆಟ್ಟಿಲಿಗೆ ಬಂದ.

ಮೆಟ್ಟಿಲಿನಲ್ಲಿ ಮೇಲ್ಮನೆಯ ಸ್ಟೇಷನ್ ಮಾಸ್ಟರ್ ನಿಂತಿದ್ದರು. ನಿವೃತ್ತರಾಗಿ ಬಹಳ ಕಾಲವಾಗಿದ್ದರೂ ಅವರ ದನಿ ಇನ್ನೂ ಎರಡನೇ ಪ್ಲಾಟ್‌ಫಾರಂಗೆ ಕೇಳುವಂತಿತ್ತು. ಕಟ್ಟಡದಲ್ಲಿ ಯಾರು ಹೊರಟರೂ, ಯಾರು ಬಂದರೂ, ಅವರಿಗೆ ತಿಳಿಯದೆ ಹಾದುಹೋಗುವಂತಿರಲಿಲ್ಲ.

“ಏನ್ ಸ್ವಾಮಿ, ಗಾಡಿ ಇವತ್ತು ಬಿಫೋರ್ ಟೈಮು! ಅಂದಹಾಗೆ, ನೀವು ತೋರಿಸಿದ್ರಲ್ಲ ಆ ಹರಾಜಿನ ಜಾಗ, ನಾನೂ ಸೇರ್ಕೊಂಡಿದೀನಿ. ಅಲ್ಲಿ ‘ಹಳೆ ಹೊನ್ನು’ ಅಂತ ಒಬ್ಬ ವ್ಯಾಪಾರಿ ಇದಾನೆ ನೋಡಿ, ಬಟ್ಟುಗಳ ಬಗ್ಗೆ ಎಷ್ಟು ಚೆನ್ನಾಗಿ ಬರೀತಾನ್ರೀ!”

ಶಿಳ್ಳೆ ಅಲ್ಲಿಗೇ ನಿಂತಿತು.

‘ಹಳೆ ಹೊನ್ನು’ ಎಂಬವನಿಗೆ ಮಿಲಿಗ್ರಾಂ ಇಟ್ಟ ಹೆಸರು ರಣಹದ್ದು. ಒಂದು ಕಾಲದಲ್ಲಿ ಈ ಪೆಟ್ಟಿಗೆಗಳನ್ನು ಕೇಳುವವರಿರಲಿಲ್ಲ. ಇಷ್ಟಪಟ್ಟವರು ನಾಲ್ಕೈದು ಮಂದಿ; ಒಬ್ಬರಿಗೊಬ್ಬರು ಬಿಟ್ಟುಕೊಟ್ಟು, ಜೇಬಿನ ಚಿಲ್ಲರೆಯಲ್ಲಿ ಕೊಂಡು, ಒಂದು ಗುಂಪು ಕಟ್ಟಿಕೊಂಡು ಸುಖವಾಗಿದ್ದರು. ಆಗ ಬಂದ ಈ ಮಹಾಶಯ. ಇವನಿಗೆ ತಕ್ಕಡಿಯೂ ಬೇಡ, ತೂಕವೂ ಬೇಡ. ಕಡಿಮೆ ಬೆಲೆಗೆ ಬಿದ್ದ ಪೆಟ್ಟಿಗೆಗಳನ್ನೆಲ್ಲ ಹರಾಜಿನ ಕೊನೆಯ ಗಳಿಗೆಯಲ್ಲಿ ಎಗರಿಸುವುದು, ಬಟ್ಟುಗಳನ್ನು ಒಂದೊಂದಾಗಿ ಕಿತ್ತು ‘ಮೇಜಿನ ಅಲಂಕಾರಕ್ಕೆ’ ಎಂದು ಮೂರುಪಟ್ಟು ಬೆಲೆಗೆ ಮಾರುವುದು, ಖಾಲಿ ಪೆಟ್ಟಿಗೆಯನ್ನು ಒಡವೆ ಇಡಲು ಎಂದು ಇನ್ನೊಬ್ಬರಿಗೆ ದಾಟಿಸುವುದು. ನೂರು ವರ್ಷ ಒಟ್ಟಿಗಿದ್ದ ಸಂಸಾರವನ್ನು ದಿನ ಬೆಳಗಾಗುವುದರೊಳಗೆ ಬೀದಿಪಾಲು ಮಾಡುತ್ತಿದ್ದ. ಅವನ ಹಿಂದೆ ಇನ್ನೂ ಕೆಲವರು ಬಂದರು. ಗುಂಪಿನ ನಾಲ್ಕೈದು ಮಂದಿಯಲ್ಲಿ ಒಬ್ಬೊಬ್ಬರೇ ಬೆಲೆ ಕೇಳಿ ಬೆಚ್ಚಿ ಅಂಚೆಚೀಟಿಗೆ ಮರಳಿದರು.

ಅದನ್ನೂ ಮಿಲಿಗ್ರಾಂ ಸಹಿಸಿಯಾನು. ಸಹಿಸಲಾಗದ್ದು ಬೇರೆ. ನಿಜವಾದ ಬಟ್ಟನ್ನು ಗುರುತಿಸುವುದು ಹೇಗೆ, ಕತ್ತಿನ ಅಳತೆ ಏನು, ನಕ್ಷತ್ರ ಎಲ್ಲಿರಬೇಕು ಎಂದು ಗುಂಪಿನಲ್ಲಿ ಮಿಲಿಗ್ರಾಂ ವರ್ಷಗಟ್ಟಲೆ ಕೂತು ಪಾಠಗಳನ್ನು ಬರೆದಿದ್ದ. ‘ಬಟ್ಟನ್ನು ಬೆರಳಿನಿಂದ ಮುಟ್ಟಬೇಡಿ, ಚಿಮಟದಿಂದ ಎತ್ತಿ; ಬೆರಳಿನ ಜಿಡ್ಡೂ ತೂಕವೇ. ಎಂದಿಗೂ ಉಜ್ಜಬೇಡಿ. ಉಜ್ಜಿದ ಬಟ್ಟು ಬಟ್ಟಲ್ಲ, ಬರೀ ಹಿತ್ತಾಳೆ.’ ರಣಹದ್ದು ಈ ಪಾಠಗಳನ್ನು ಒಂದಕ್ಷರ ಬಿಡದೆ ಎತ್ತಿ ತನ್ನ ಸರಕಿನ ಕೆಳಗೆ ಹಾಕಿಕೊಳ್ಳುತ್ತಿದ್ದ. ಮಿಲಿಗ್ರಾಂನ ವಿದ್ಯೆಯಿಂದಲೇ ಮಿಲಿಗ್ರಾಂಗೆ ಎಟುಕದ ಬೆಲೆ!

“ಬರಿಯೋದಾ? ಅವನಾ?” ಮಿಲಿಗ್ರಾಂನ ಕಿವಿ ಕೆಂಪಾಯಿತು. “ಅದು ನಾನು ಬರ್ದಿದ್ದು ಸ್ವಾಮಿ! ಕಳ್ಳ! ಅವನ ಕೈಗೆ ನಾಲ್ಕು ಬಟ್ಟು ಕೊಟ್ರೆ ಯಾವುದು ಭಾರ ಅಂತ ಹೇಳಕ್ಕೆ ಬರಲ್ಲ! ಆದ್ರೆ ಇವತ್ತು ಅವನ ಮೂಗು ಕೊಯ್ತೀನಿ. ಚದುರಂಗದ ಕಾಯಿ ಅಂತ ಒಂದು ಬಂದಿದೆ...”

ಬಾಯಿ ನಿಲ್ಲಲಿಲ್ಲ. ನಾಲ್ಕು ಗಂಟೆ, ನಕ್ಷತ್ರ, ಎರಡು ಲೋಟ ಚಹಾ, ಎಲ್ಲವೂ ಮೆಟ್ಟಿಲಿನ ಮೇಲೆ ಚೆಲ್ಲಿಹೋಯಿತು.

ಸ್ಟೇಷನ್ ಮಾಸ್ಟರ್ ಅವನ ಹೆಗಲು ತಟ್ಟಿದರು. “ನಿಶ್ಚಿಂತೆಯಿಂದ ಹೋಗಿ. ನಮ್ಮ ಕಟ್ಟಡದವರ ಸಾಮಾನು ಹೊರಗಿನವನು ಹೊಡ್ಕೊಂಡು ಹೋಗೋದು ಅಂದ್ರೇನು?”

ಪ್ರಯೋಗಾಲಯದಲ್ಲಿ ಬೆಳಗಿನ ನೀರಿನ ಮಾದರಿಗಳು ಬಾಟಲಿಗಳಲ್ಲಿ ಸಾಲಾಗಿ ಕಾದಿದ್ದವು. ಮಿಲಿಗ್ರಾಂ ಬಿಳಿ ಕೋಟು ತೊಟ್ಟು, ಫೋನನ್ನು ಬಾಟಲಿಗಳ ಹಿಂದೆ ಆನಿಸಿಟ್ಟುಕೊಂಡು ಕೆಲಸ ಶುರು ಮಾಡಿದ. ಮೂರನೆಯ ಬಾಟಲಿಯ ಹೊತ್ತಿಗೆ ಫೋನು ಸಣ್ಣಗೆ ಗುನುಗಿತು. ಅವನ ಕೂಗಿನ ಮೇಲೆ ಯಾರೋ ಕೂಗಿದ್ದರು.

ಜಾಲತಾಣ ಕೂಗಿದವರ ಪೂರ್ತಿ ಹೆಸರು ತೋರಿಸುತ್ತಿರಲಿಲ್ಲ. ಒಂದು ಅಕ್ಷರ, ನಡುವೆ ಚುಕ್ಕೆಗಳು, ಇನ್ನೊಂದು ಅಕ್ಷರ, ಅಷ್ಟೇ. ಚುಕ್ಕೆಗಳ ಹಿಂದೆ ಯಾರೂ ಅಡಗಬಹುದಿತ್ತು. ಮಿಲಿಗ್ರಾಂ ಹಲ್ಲು ಕಡಿದು ಮೇಲೆ ಕೂಗಿದ. ಚುಕ್ಕೆಗಳೂ ಕೂಗಿದವು. ಬಟ್ಟಿನ ಬೆಲೆ ಒಂದು ಜೊತೆ ಚಪ್ಪಲಿಗೆ ಏರಿತು.

“ಬಂತು! ಹದ್ದು ಬಂತು!” ಎಂದು ಅವನು ಕಿರುಚಿದ್ದಕ್ಕೆ ಪಕ್ಕದ ಕೋಣೆಯ ಕ್ಯಾಷಿಯರ್ ಕಿಟಕಿಯ ಕಡೆ ನೋಡಿ, ಏನೂ ಕಾಣದೆ, ಒಳಗೇ ಬಂದ.

ಕ್ಯಾಷಿಯರ್‌ಗೆ ಯಾರ ಮನೆಯಲ್ಲಿ ಏನು ನಡೆದರೂ ಅದರಲ್ಲಿ ತನ್ನ ಸಲಹೆ ಇರಬೇಕು. ಕತೆಯನ್ನು ಪೂರ್ತಿ ಕೇಳಿದ ಮೇಲೆ ಅವನು ಹೇಳಿದ: “ಸಿಟ್ಟು ಮಾಡ್ಕೋಬೇಡಿ ಮಿಲಿಗ್ರಾಂ ಸರ್, ಒಂದು ಮಾತು. ನೀವು ಜಾಸ್ತಿ ಕೊಟ್ಟು ತಗೊಳ್ತೀರಿ ಅಂತ ತಾನೆ ಅವನು ತಗೊಳ್ಳೋದು? ನೀವೆಲ್ಲ ಒಂದು ವರ್ಷ ಕೈ ಕಟ್ಕೊಂಡು ಕೂತ್ರೆ ಅವನೇನು ಬಟ್ಟುಗಳನ್ನ ಹುರ್ಕೊಂಡು ತಿಂತಾನಾ?”

“ಅಂದ್ರೆ ತಪ್ಪು ನಂದಾ?” ಮಿಲಿಗ್ರಾಂ ಕೈಯಲ್ಲಿದ್ದ ಗಾಜಿನ ಕೊಳವೆಯನ್ನು ಕತ್ತಿಯಂತೆ ಹಿಡಿದ. “ಕಳ್ಳ ಮನೆಗೆ ನುಗ್ಗಿದ್ರೆ ಮನೆ ಕಟ್ಟಿದ್ದು ತಪ್ಪು ಅಂತೀರಾ? ನಾನು ಇಷ್ಟಪಟ್ಟಿದ್ದೇ ಅವನಿಗೆ ಬಂಡವಾಳ ಕಣ್ರೀ! ನನ್ನ ಇಷ್ಟವನ್ನ ನನಗೇ ಮಾರ್ತಾನೆ!”

ಕ್ಯಾಷಿಯರ್ ಎರಡು ಹೆಜ್ಜೆ ಹಿಂದೆ ಸರಿದು, “ಆಯ್ತು, ಆಯ್ತು. ಎಲ್ಲಿ, ಆ ಕಾಯಿ ತೋರಿಸಿ,” ಎಂದು ನೋಡಿಕೊಂಡು, ಏನೋ ಯೋಚಿಸುತ್ತ ಹೊರಟುಹೋದ.

ಆಮೇಲೆ ಬೆಲೆ ಏರಿದ ಬಗೆ ನೋಡಬೇಕಿತ್ತು. ಚಪ್ಪಲಿ ಕುಕ್ಕರ್ ಆಯಿತು, ಕುಕ್ಕರ್ ಮಿಕ್ಸಿಯಾಯಿತು. ಮಿಲಿಗ್ರಾಂ ಒಂದು ಕೈಯಲ್ಲಿ ನೀರಿಗೆ ದ್ರಾವಣ ತೊಟ್ಟಿಕ್ಕಿಸುತ್ತ, ಇನ್ನೊಂದು ಕೈಯಲ್ಲಿ ಫೋನು ಒತ್ತುತ್ತ, ಗುಲಾಬಿ ಬಣ್ಣಕ್ಕೆ ನಿಲ್ಲಿಸಬೇಕಾದದ್ದನ್ನು ಕಡು ನೇರಳೆಗೆ ಒಯ್ದ. ಒಂದಲ್ಲ, ಎರಡೆರಡು ಚುಕ್ಕೆಯ ಹೆಸರುಗಳು ಸರದಿಯಲ್ಲಿ ಕೂಗುತ್ತಿದ್ದವು. “ಓಹೋ, ಮರಿ ಹದ್ದೂ ಇದೆ!” ಎಂದು ಅವನು ಬಾಟಲಿಗಳಿಗೆ ಹೇಳಿದ. ಊಟದ ಡಬ್ಬಿ ತೆರೆಯದೆ ಉಳಿಯಿತು. ಮಧ್ಯಾಹ್ನದ ವರದಿಯನ್ನು ಹೇಗೋ ಗೀಚಿ ಮೇಡಂ ಕೋಣೆಗೆ ಕಳಿಸಿದ.

ಐದು ನಿಮಿಷಕ್ಕೆ ಕರೆ ಬಂತು.

ಮೇಡಂ ಎಂದರೆ ಪ್ರಯೋಗಾಲಯದ ಮುಖ್ಯಸ್ಥೆ. ಅವರು ಕನ್ನಡಕವನ್ನು ಹಣೆಯ ಮೇಲಕ್ಕೆ ಏರಿಸಿದರೆ ಬೈಗುಳ ಬರುತ್ತದೆಂದು ಎಲ್ಲರಿಗೂ ಗೊತ್ತು. ಇವತ್ತು ಅದು ಕೂದಲಿನವರೆಗೂ ಏರಿತ್ತು.

“ಏನ್ರೀ ಇದು? ಕ್ಲೋರಿನ್ ಇಷ್ಟೊಂದಾ? ಇಷ್ಟು ಹಾಕಿದ ನೀರು ಕುಡಿದ್ರೆ ಊರಿನ ಜನ ಒಳಗಿಂದಲೂ ಬೆಳ್ಳಗಾಗ್ತಾರೆ!”

ಮಿಲಿಗ್ರಾಂ ಬಗ್ಗಿ ನೋಡಿದ. ಕ್ಲೋರಿನ್ನಿನ ಜಾಗದಲ್ಲಿ ಬಟ್ಟಿನ ಆಗಿನ ಬೆಲೆ ಬರೆದಿದ್ದ. ವೃತ್ತಿಜೀವನದಲ್ಲಿ ದಶಾಂಶ ಬಿಂದು ಕೂಡ ತಪ್ಪದ ಮನುಷ್ಯ. ನಾಚಿಕೆ ಸಿಟ್ಟಿಗೆ ತಿರುಗಿತು.

“ಇದೂ ಅವನಿಂದಲೇ ಮೇಡಂ!” ಎಂದು ಆರಂಭಿಸಿ, ಮಂಚದ ಕೆಳಗಿನ ಪೆಟ್ಟಿಗೆಯಿಂದ ಮರಿ ಹದ್ದಿನವರೆಗೆ ಉಸಿರು ತೆಗೆದುಕೊಳ್ಳದೆ ಹೇಳಿದ.

ಮೇಡಂ ಕನ್ನಡಕ ನಿಧಾನವಾಗಿ ಮೂಗಿಗೆ ಇಳಿಯಿತು. “ನಕ್ಷತ್ರದ ಬಟ್ಟಾ? ನಾನು ಕಾಲೇಜಿನಲ್ಲಿ ತೂಗಿದ್ದು ಅಂಥದ್ರಲ್ಲೇ. ಅದನ್ನ ಬಿಡಿ ಬಿಡಿ ಮಾಡಿ ಮೇಜಿನ ಮೇಲಿಡೋಕೆ ಮಾರ್ತಾನಾ? ಬಾಯಿಗೆ ಮಣ್ಣು ಹಾಕ! ನೀವು ಹೋಗಿ, ಈ ಮಾದರಿಗಳನ್ನೆಲ್ಲ ಮತ್ತೆ ಪರೀಕ್ಷೆ ಮಾಡಿ. ಫೋನು ಒಳಗಿಡಿ.”

“ಮೇಡಂ, ನಾಲ್ಕು ಗಂಟೆಗೆ...”

“ಒಳಗಿಡಿ ಅಂದೆ. ನೀರು ಮೊದಲು.”

ಮಿಲಿಗ್ರಾಂ ಮರಳಿ ಬಂದು ನೀರನ್ನೇ ಮೊದಲು ನೋಡಿದ. ಆದರೆ ಮುಗಿಸಿ, ಉಗ್ರಾಣದ ಕೋಣೆ ಹೊಕ್ಕು, ಖಾಲಿ ಜಾಡಿಗಳ ನಡುವೆ ಕೂತು ಫೋನು ತೆಗೆದಾಗ ಮೂರೂಮುಕ್ಕಾಲು ದಾಟಿತ್ತು. ಹಳೆಯ ಎರಡು ಹೆಸರುಗಳು ಮಾಯವಾಗಿದ್ದವು. ಹೊಸ ಚುಕ್ಕೆ ಹೆಸರೊಂದು ಮುಂದೆ ನಿಂತಿತ್ತು, ಬೆಲೆ ಸೈಕಲ್ಲಿಗೆ ಬಂದಿತ್ತು.

ಅವನು ಕೂಗಿದ. ಬೆರಳು ಪರದೆಯಿಂದ ಎತ್ತುವ ಮೊದಲೇ ಅದರ ಮೇಲೆ ಕೂಗು ಬಿತ್ತು. ಮತ್ತೆ ಕೂಗಿದ. ಮತ್ತೆ ಹಾಗೇ. ಅವನಿಗೆ ಅರ್ಥವಾಯಿತು. ಜಾಲತಾಣದಲ್ಲಿ ಒಂದು ಸೌಕರ್ಯವಿತ್ತು. ಗುಟ್ಟಾಗಿ ನಿಮ್ಮ ಕಡೆಯ ಬೆಲೆ ಬರೆದಿಟ್ಟರೆ ಸಾಕು, ಬೇರೆ ಯಾರು ಕೂಗಿದರೂ ಯಂತ್ರವೇ ನಿಮ್ಮ ಪರವಾಗಿ ಒಂದು ಮೆಟ್ಟಿಲು ಮೇಲೆ ಕೂಗುತ್ತಿತ್ತು. ಇದು ರಣಹದ್ದಿನ ಹಳೆಯ ಚಾಳಿ.

ಕಳೆದುಕೊಂಡ ಪೆಟ್ಟಿಗೆಗಳೆಲ್ಲ, ಬೀದಿಪಾಲಾದ ಐವತ್ತು ಗ್ರಾಂಗಳೂ ಹತ್ತು ಗ್ರಾಂಗಳೂ, ಆಗ ಮಿಲಿಗ್ರಾಂನ ಕಣ್ಣ ಮುಂದೆ ಮೆರವಣಿಗೆ ಹೋದವು. ಬಟ್ಟು ತನಗೆ ಸಿಗುವುದಿಲ್ಲ, ಅದು ಖಚಿತ. ಆದರೆ ಎಷ್ಟಕ್ಕೆ ಸಿಗುವುದಿಲ್ಲ ಎಂಬುದು ತನ್ನ ಕೈಯಲ್ಲಿತ್ತು.

“ಬೇಕಾ ನಿನಗೆ? ತಗೋ!” ಎಂದು ಅವನು ಒಂದು ಮೆಟ್ಟಿಲು ಏರಿಸಿದ. ಯಂತ್ರವೂ ಏರಿತು. “ಇನ್ನೂ ಬೇಕಾ? ತಗೋ! ನನ್ನ ಪಾಠ ಕದ್ದಿದ್ದಕ್ಕೆ ಇದು! ಪೆಟ್ಟಿಗೆ ಒಡೆದಿದ್ದಕ್ಕೆ ಇದು!” ಜಾಡಿಗಳು ಅವನ ದನಿಗೆ ಝೇಂಕರಿಸಿದವು. ಸೈಕಲ್ ಹೊಲಿಗೆ ಯಂತ್ರವಾಯಿತು, ಹೊಲಿಗೆ ಯಂತ್ರ ಟಿವಿಯಾಯಿತು. ನಾಲ್ಕಕ್ಕೆ ಇನ್ನೇನು ಗಳಿಗೆಯಿರುವಾಗ ಬೆಲೆ ಒಂದು ಹೊಸ ಫ್ರಿಜ್ಜಿನ ಹೊಸ್ತಿಲು ತಲುಪಿತು. ಅಲ್ಲಿ ಮಿಲಿಗ್ರಾಂ ಒಲೆಯಿಂದ ಕೈ ಎಳೆದುಕೊಂಡಂತೆ ಬೆರಳು ಹಿಂದೆಳೆದ.

ನಾಲ್ಕು ಹೊಡೆಯಿತು. ‘ಹರಾಜು ಮುಗಿದಿದೆ. ನೀವು ಸೋತಿದ್ದೀರಿ.’

ಸೋತೆನೇ? ಮಿಲಿಗ್ರಾಂ ಉಗ್ರಾಣದಿಂದ ದಂಡಯಾತ್ರೆ ಗೆದ್ದ ಅರಸನಂತೆ ಹೊರಗೆ ಬಂದ. ಎಷ್ಟೋ ವರ್ಷಗಳ ನಂತರ ಎದೆ ಹಗುರವಾಗಿತ್ತು. “ಮುಗಿಸಿದೆ ಅವನನ್ನ! ಇಪ್ಪತ್ತು ಗ್ರಾಂ ಹಿತ್ತಾಳೆಗೆ ಫ್ರಿಜ್ಜಿನ ಬೆಲೆ! ಇನ್ನು ಜನ್ಮದಲ್ಲಿ ಬಟ್ಟು ಮುಟ್ಟಲ್ಲ ಆ ಹದ್ದು!”

ಅದೇ ಹೊತ್ತಿಗೆ ಎದುರಿನ ಬಾಗಿಲು ತೆರೆದು ಮೇಡಂ ಹೊರಬಂದರು. ಕನ್ನಡಕ ಮೂಗಿನ ಮೇಲೇ ಇತ್ತು, ಮುಖ ಬೆಳಗುತ್ತಿತ್ತು, ಕೈಯಲ್ಲಿ ಫೋನು ಬಾವುಟದಂತೆ ಎದ್ದಿತ್ತು.

“ಗೆದ್ದೆ ಕಣ್ರೀ! ನಿಮ್ಮ ನಕ್ಷತ್ರ ಗೆದ್ದುಕೊಟ್ಟೆ! ನೀವು ನೀರು ನೋಡ್ತಿದ್ರಿ, ಅದಕ್ಕೆ ನಾನೇ ಕೂತೆ. ಯಾವನೇ ಬರಲಿ ಬಿಡಬೇಡ ಅಂತ ದೊಡ್ಡ ಮೊತ್ತ ಬರೆದಿಟ್ಟುಬಿಟ್ಟೆ. ಆ ದರಿದ್ರದವನು ಕೊನೇವರೆಗೂ ಬೆನ್ನು ಬಿಡಲಿಲ್ಲ ನೋಡಿ, ಏರಿಸಿದ, ಏರಿಸಿದ, ಕೊನೆಗೆ ಬಾಲ ಮುದುರಿ ಓಡಿದ!”

ಮಿಲಿಗ್ರಾಂನ ಬಾಯಿ ತೆರೆಯಿತು. ತನ್ನ ಫೋನಿನ ಕೊನೆಯ ಬೆಲೆಯನ್ನೂ ಮೇಡಂ ಫೋನಿನ ಬೆಲೆಯನ್ನೂ ನೋಡಿದ.

ಕ್ಯಾಷಿಯರ್ ಹಿಂದಿನಿಂದ ಕೆಮ್ಮಿದ. “ಅಂದ್ರೆ, ಬೆಳಿಗ್ಗೆ ಕುಕ್ಕರಿನ ಹತ್ರ ನನ್ನ ಜೊತೆ ಗುದ್ದಾಡ್ತಿದ್ದೋನು ಹದ್ದಲ್ವಾ? ನಾನು ನಿಮಗೋಸ್ಕರ ಅಂತ ಮಿಕ್ಸಿವರೆಗೂ ಹೋಗಿದ್ದೆ ಸರ್. ಇನ್ನೂ ಒಬ್ಬ ಇದ್ದ ನಮ್ಮ ಮಧ್ಯೆ.”

ಆ ಇನ್ನೊಬ್ಬ ಯಾರೆಂದು ಹುಡುಕಬೇಕಾಗಲಿಲ್ಲ. ಫೋನು ಬಡಿದುಕೊಂಡಿತು, ಕಿವಿಗಿಡದಿದ್ದರೂ ಸ್ಟೇಷನ್ ಮಾಸ್ಟರರ ದನಿ ಕೋಣೆಯ ತುಂಬ ಹರಡಿತು. “ಸ್ವಾಮಿ, ಕ್ಷಮಿಸಬೇಕು! ಮಿಕ್ಸಿಯ ಬೆಲೆ ಬಂದಾಗ ನಮ್ಮನೆಯವಳು ಫೋನ್ ಕಿತ್ಕೊಂಡ್ಳು! ಇಲ್ಲದಿದ್ರೆ ಬಿಡ್ತಿರಲಿಲ್ಲ!”

“ಹಿಂದಕ್ಕೆ ತಗೊಳ್ಳೋಕೆ... ಆಗಲ್ವಾ?” ಎಂದು ಮಿಲಿಗ್ರಾಂ ಯಾರನ್ನೆಂದು ಗೊತ್ತಿಲ್ಲದೆ ಕೇಳಿದ.

“ಎಲ್ಲಿ ಸರ್?” ಎಂದ ಕ್ಯಾಷಿಯರ್. “ಒಂದು ಕೂಗು ಬಿತ್ತು ಅಂದ್ರೆ ಕೊಳ್ಳೋನೂ ಜಾರೋ ಹಾಗಿಲ್ಲ, ಮಾರೋನೂ ಜಾರೋ ಹಾಗಿಲ್ಲ. ಅದೇ ಅಲ್ವಾ ಅಲ್ಲಿನ ಕಾನೂನು?”

ಮೇಡಂ ಔದಾರ್ಯದಿಂದ ಕೈ ಬೀಸಿದರು. “ದುಡ್ಡು ನಾನು ಕಟ್ಟಿದೀನಿ. ಅವಸರ ಇಲ್ಲ, ನಾಳೆ ಕೊಟ್ರೂ ಆಯ್ತು. ಹೋಗಿ, ಬೇಗ ಹೋಗಿ ತಗೊಳ್ಳಿ ನಿಮ್ಮ ಬಟ್ಟು!”

ಸಂಜೆಯ ಬೀದಿಯಲ್ಲಿ ಮಿಲಿಗ್ರಾಂ ನಡೆದ. ಫ್ರಿಜ್ ಹೋಯಿತು. ಹೆಂಡತಿಯ ಮುಖ ನೆನೆದರೆ ಕಾಲು ಹಿಂದಕ್ಕೆ ಎಳೆಯುತ್ತಿತ್ತು. ಆದರೂ, ನೂರು ಹೆಜ್ಜೆಗೊಮ್ಮೆ ಒಂದು ಸಣ್ಣ ಸಮಾಧಾನ ಎದೆಯಲ್ಲಿ ಮಿಣುಕುತ್ತಿತ್ತು. ಏನೇ ಆಗಲಿ, ಬಟ್ಟು ಬಂತಲ್ಲ. ಪೆಟ್ಟಿಗೆ ತುಂಬಿತಲ್ಲ. ತಣ್ಣಗಿನ ನೀರಿಲ್ಲದೆಯೂ ಬದುಕಬಹುದು. ಕೋಟಿನ ಜೇಬಿನಲ್ಲಿ ಚಿಮಟ ಇತ್ತು, ಒಂದು ತುಂಡು ಮೆತ್ತನೆಯ ಬಟ್ಟೆ ಇತ್ತು. ನಕ್ಷತ್ರವನ್ನು ಬರಿಗೈಯಲ್ಲಿ ಮುಟ್ಟುವವನಲ್ಲ ಅವನು.

ವಿಳಾಸ ಹಿಡಿದು ಹೋದರೆ ಅದು ಬಸ್ ನಿಲ್ದಾಣದ ಗೋಡೆಗೆ ಆತುಕೊಂಡಿದ್ದ ಕೀಲಿಕೈ ಮಾಡುವವನ ಪೆಟ್ಟಿಗೆಯಂಗಡಿ. ಮೊಳೆಗಳಿಗೆ ನೇತುಹಾಕಿದ ನೂರಾರು ಕೀಲಿಕೈಗಳ ನಡುವೆ ಒಬ್ಬ ಮನುಷ್ಯ ಬೆವರೊರೆಸಿಕೊಳ್ಳುತ್ತ ಕೂತಿದ್ದ. ಅವನ ಮುಂದೆ ಕೀಲಿಗಳ ಅಂಚು ನಯ ಮಾಡುವ ಉಜ್ಜುವ ಚಕ್ರ ಇನ್ನೂ ಸಣ್ಣಗೆ ತಿರುಗುತ್ತಿತ್ತು.

“ನೀವೇನಾ ಸಾರ್ ಚದುರಂಗದವರು? ಬನ್ನಿ ಬನ್ನಿ, ಕೂತ್ಕೊಳ್ಳಿ!” ಎಂದು ಅವನು ಇದ್ದೊಂದು ಸ್ಟೂಲನ್ನು ಒರೆಸಿ ಕೊಟ್ಟ. “ಏನೋ ಗುಜರಿ ಬೀಗದ ಜೊತೆ ಬಂದಿತ್ತು. ತಲೆ ಮೇಲೆ ಇಪ್ಪತ್ತು ಅಂತ ನಂಬರ್ ಬೇರೆ ಇತ್ತು. ಮೂವತ್ತೆರಡು ಕಾಯೀಲಿ ಇದು ಇಪ್ಪತ್ತನೇದು ಇರಬೇಕು ಅನ್ಕೊಂಡೆ. ಎರಡು ಚಹಾದ ಕಾಸು ಬಂದ್ರೆ ಸಾಕು ಅಂತ ಹಾಕಿದ್ದು ಸಾರ್. ಆದ್ರೆ ನಿಮ್ಮಂಥ ದೊಡ್ಡ ಮನಸ್ಸಿನೋರು ಏರಿಸ್ತಾ ಹೋದ್ರಿ ನೋಡಿ, ನನಗೆ ನಾಚಿಕೆ ಆಯ್ತು.”

“ನಾಚಿಕೆ... ಯಾಕೆ?”

“ಅಷ್ಟು ದುಡ್ಡು ಕೊಡೋರಿಗೆ ಕೊಳಕು ಮಾಲು ಕೊಡೋದಾ? ಚಪ್ಪಲಿ ಬೆಲೆ ಬಂದಾಗ ಬಟ್ಟೆಯಲ್ಲಿ ಒರೆಸಿದೆ. ಕುಕ್ಕರಿಗೆ ಬಂದಾಗ ಮರಳು ಕಾಗದದಲ್ಲಿ ತಿಕ್ಕಿದೆ. ಸೈಕಲ್ ದಾಟಿದ ಮೇಲೆ ಇನ್ನು ಹೀಗಲ್ಲ ಅಂತ ಚಕ್ರಕ್ಕೆ ಹಿಡಿದೆ. ಅಬ್ಬಾ, ಕೊನೇ ಹತ್ತು ನಿಮಿಷ! ಫೋನ್ ಒಂದೊಂದು ಸಲ ಕೂಗಿದಾಗಲೂ ನಾನು ಒಂದೊಂದು ಸುತ್ತು ಹಿಡಿದೆ ಸಾರ್. ಅದು ಏರ್ತಾನೇ ಹೋಯ್ತು, ನಾನು ಉಜ್ಜುತ್ತಾನೇ ಹೋದೆ. ಹೆಗಲ ಮೇಲೆ ಏನೋ ಗೀರು ಬಿದ್ದಿತ್ತು, ಹೂವಿನ ಥರ. ಹಠ ಮಾಡ್ತು. ಬಿಡಲಿಲ್ಲ, ತೆಗೆದೇಬಿಟ್ಟೆ!”

ಕೀಲಿಯವನು ಹೆಮ್ಮೆಯಿಂದ ಅಂಗೈ ತೆರೆದ. ಅದರಲ್ಲಿ ಹಿತ್ತಾಳೆಯ ಒಂದು ಮಣಿ ಸೂರ್ಯನ ಮರಿಯಂತೆ ಹೊಳೆಯುತ್ತಿತ್ತು. ಹೆಗಲು ನುಣುಪು. ನಕ್ಷತ್ರವಿಲ್ಲ. ತಲೆಯ ಮೇಲೆ ಇಪ್ಪತ್ತೂ ಇಲ್ಲ.

ಮಿಲಿಗ್ರಾಂ ಚಿಮಟ ಹೊರತೆಗೆಯಲಿಲ್ಲ. ಬೈಯಲು ಬಾಯಿ ತೆರೆದ, ಆದರೆ ಆ ಮನುಷ್ಯನ ಬೆರಳ ತುದಿಗಳು ಉಜ್ಜಿ ಉಜ್ಜಿ ಕೆಂಪಾಗಿದ್ದವು. ಯಾರನ್ನು ಬೈಯುವುದು? ಚಕ್ರ ತಿರುಗಿಸಿದ್ದು ಕೀಲಿಯವನಾದರೂ ಒಂದೊಂದು ಸುತ್ತಿಗೂ ಉಗ್ರಾಣದಲ್ಲಿ ಕೂತು ಗುಂಡಿ ಒತ್ತಿದವನು ತಾನು. ಬರಿಗೈಯಲ್ಲೇ ಬಟ್ಟನ್ನು ಎತ್ತಿ ಜೇಬಿಗೆ ಹಾಕಿಕೊಂಡ.

ಮನೆಯಲ್ಲಿ ಹೆಂಡತಿ ನೆಲದ ನೀರು ಒರೆಸುತ್ತಿದ್ದಳು. “ಸಿಕ್ತಾ?”

ಮಿಲಿಗ್ರಾಂ ಅದನ್ನು ಅವಳ ಕೈಯಲ್ಲಿಟ್ಟ. “ಇದೇನಿದು?”

“ಫ್ರಿಜ್ಜು,” ಎಂದ.

ಅವಳು ಅದನ್ನು ಅವನಿಗೇ ಮರಳಿಸಿ, ನೆಲ ಒರೆಸುತ್ತಲೇ ಕತೆ ಕೇಳಿದಳು. ಅವಳು ಕೂಗಾಡಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಮಂಚದ ಕೆಳಗಿನಿಂದ ಪೆಟ್ಟಿಗೆ ಎಳೆದು ಅವನು ಖಾಲಿ ಕುಳಿಯಲ್ಲಿ ಬಟ್ಟನ್ನು ಇಳಿಸಿದ. ಸವೆದುಹೋಗಿದ್ದ ಅದು ದೊಡ್ಡಣ್ಣನ ಅಂಗಿ ತೊಟ್ಟ ಮಗುವಿನ ಹಾಗೆ ಕುಳಿಯೊಳಗೆ ಗಲಗಲ ಅಲ್ಲಾಡಿತು.

“ಮಾರಿಬಿಡಿ,” ಎಂದಳು ಕೊನೆಗೆ. “ಎಷ್ಟು ಬಂದರೆ ಅಷ್ಟು. ಇನ್ನೇನು ಮಾಡ್ತೀರಿ?”

ಮಿಲಿಗ್ರಾಂ ಹಲ್ಲು ಕಚ್ಚಿಕೊಂಡು ಚಿತ್ರ ತೆಗೆದ. ಬರೆಯಲು ಕೂತ. ‘ಅಪರೂಪದ ಪ್ರಯೋಗಾಲಯದ ಬಟ್ಟು. ಹೊಳೆಯುವ ಸ್ಥಿತಿ. ಮೇಜಿನ ಅಲಂಕಾರಕ್ಕೂ ಆಗುತ್ತದೆ.’ ಬೆಲೆಯ ಜಾಗದಲ್ಲಿ ಫ್ರಿಜ್ಜನ್ನು ಬರೆದು, ಒಂದು ಕ್ಷಣ ತಡೆದು, ಅದರ ಮೇಲೆ ಇನ್ನೂ ಸ್ವಲ್ಪ ಸೇರಿಸಿದ.

ಹೆಂಡತಿ ಹೆಗಲ ಮೇಲಿಂದ ಬಗ್ಗಿ ಓದಿದಳು. “ಇದು ನಿಮ್ಮ ಬರಹದ ಹಾಗಿಲ್ಲ. ಆ ಹದ್ದಿನ ಥರಾನೇ ಇದೆ.”

“ಸುಮ್ನಿರು!” ಎಂದು ಅವನು ಗುಂಡಿ ಒತ್ತಿದ.

ಯಾರೂ ಕೂಗಲಿಲ್ಲ. ಬಂದದ್ದು ಒಂದು ಸಂದೇಶ. ಕಳಿಸಿದವನು ‘ಹಳೆ ಹೊನ್ನು’.

‘ನಮಸ್ಕಾರ ಗುರುಗಳೇ. ಆ ಚದುರಂಗದ ಕಾಯಿಯನ್ನು ನಾನೂ ಬೆಳಿಗ್ಗೆಯೇ ನೋಡಿದ್ದೆ. ಮೊದಲ ಕೂಗು ನಿಮ್ಮದೆಂದು ಗೊತ್ತಾಯಿತು. ಅಂಥದ್ದನ್ನು ಗುರುತಿಸುವವರು ಬೇರೆ ಯಾರಿದ್ದಾರೆ? ನಿಮ್ಮ ಪಾಠ ಓದಿ ಹೊಟ್ಟೆ ಹೊರೆಯುವವನು ನಾನು. ಇದೊಂದು ನಿಮಗೇ ಇರಲಿ ಎಂದು ಕೈ ಹಾಕಲಿಲ್ಲ. ಈಗ ಇದು ನನಗೆ ಬೇಡ. ಉಜ್ಜಿದ ಬಟ್ಟು ಬಟ್ಟಲ್ಲ, ಬರೀ ಹಿತ್ತಾಳೆ ಎಂದವರು ನೀವೇ ಅಲ್ಲವೇ? ಒಂದು ಸಲಹೆ: ಬೆಲೆ ಇಳಿಸಿ, ಚದುರಂಗದ ಕಾಯಿ ಎಂದೇ ಹಾಕಿ ನೋಡಿ.’

ಮಿಲಿಗ್ರಾಂ ಅದನ್ನು ಎರಡು ಸಲ ಓದಿದ. ವರ್ಷಗಳಿಂದ ಸಾಕಿಕೊಂಡು ಬಂದಿದ್ದ ಸಿಟ್ಟನ್ನು ಇಡಲು ಜಾಗವೇ ಇಲ್ಲದಂತಾಯಿತು. ಅದಕ್ಕಾಗಿ ಇನ್ನಷ್ಟು ಸಿಟ್ಟು ಬಂತು. ಬೈಗುಳ ಬರೆದ, ಅಳಿಸಿದ. ಕೊನೆಗೆ, ಯಾರೋ ಕೈ ಹಿಡಿದು ಬರೆಸಿದಂತೆ, ಹಳೆಯದನ್ನು ತೆಗೆದು ಹೊಸದಾಗಿ ಹಾಕಿದ: ‘ಹಿತ್ತಾಳೆ ಚದುರಂಗದ ಕಾಯಿ. ಒಂದೇ ಇದೆ.’ ಬೆಲೆ, ಎರಡು ಲೋಟ ಚಹಾ.

ಫೋನು ತಕ್ಷಣ ಗುನುಗಿತು. ಒಂದು ಕೂಗು. ಇನ್ನೊಂದು. ಒಂದು ಜೊತೆ ಚಪ್ಪಲಿ! ಕುಕ್ಕರ್!

“ನೋಡಿದ್ಯಾ?” ಎಂದು ಅವನು ಎದ್ದು ನಿಂತ. “ಫ್ರಿಜ್ ವಾಪಸ್ ಬರುತ್ತೆ ಕಣೇ! ಯಾರೋ ಇಬ್ಬರು ಪೈಪೋಟಿ ಮೇಲೆ...”

ಆಗ ಮೇಲ್ಮನೆಯ ಬಾಲ್ಕನಿಯಿಂದ ಎರಡನೇ ಪ್ಲಾಟ್‌ಫಾರಂಗೆ ಕೇಳುವ ದನಿಯೊಂದು ಇಳಿದುಬಂತು.

“ಸ್ವಾಮೀ! ಕೆಳಗಡೆ ಇದೀರಾ? ನಿಮ್ಮ ಅದೃಷ್ಟ ನೋಡಿ, ಇನ್ನೊಂದು ಚದುರಂಗದ ಕಾಯಿ ಬಂದಿದೆ! ಬೆಳಗಿನದಕ್ಕಿಂತ ಎಷ್ಟೋ ಚೊಕ್ಕಟ! ನೀವು ಕೈ ಹಾಕಬೇಡಿ, ಬೆಳಿಗ್ಗೆ ಮಾಡಿದ ಎಡವಟ್ಟಿಗೆ ಇದು ನನ್ನ ಕಡೆಯಿಂದ! ಯಾವನೋ ಆಗಲೇ ಬೆನ್ನು ಹತ್ತಿದಾನೆ, ಅದೇ ಹದ್ದು ಇರಬೇಕು. ಬಿಡಲ್ಲ ನಾನು! ನಿಮ್ಮ ಆಫೀಸಿನವರಿಗೂ ಫೋನ್ ಮಾಡಿ ಹೇಳಿದೀನಿ, ಕ್ಯಾಷಿಯರ್ರೂ ಮೇಡಮ್ಮೂ ಇಬ್ಬರೂ ಕೂತಿದಾರಂತೆ!”

ಮಿಲಿಗ್ರಾಂನ ಕೈಯಲ್ಲಿ ಫೋನು ಮತ್ತೆ ಗುನುಗಿತು. ಮಿಕ್ಸಿ.